ಹಾಜರಿ ಹಾಕಿದ್ದು ಸಹಮತವಾದ ಬಗೆ

ರೇಟು ಏರಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ನಾನೂ ಏರಿಸಿದವಳೇ. ಕಾಮಾಕ್ಷಿಪಾಳ್ಯದಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಸುವ ಸಣ್ಣ ಗಾರ್ಮೆಂಟ್ಸ್ ನನ್ನದು. ಎಂಟು ಮಷೀನು, ಒಂದು ಕಟಿಂಗ್ ಟೇಬಲ್ಲು. ಅದೇ ಬೀದಿಯ ಇನ್ನೊಂದು ಫ್ಯಾಕ್ಟರಿಯಲ್ಲಿ ಅಂಗಿಗಳ ದಾರ ಕತ್ತರಿಸುತ್ತ ಕೂತಿದ್ದವಳು ಇಲ್ಲಿಯವರೆಗೆ ಬಂದದ್ದು ಬಾಯಿಯ ಬಲದಿಂದ. ಬಟ್ಟೆಯ ಬೆಲೆ ಹೆಚ್ಚಿದರೆ, ಗುಂಡಿ ಜಿಪ್ಪಿನ ಬೆಲೆ ಹೆಚ್ಚಿದರೆ ನಾನೂ ಹೆಚ್ಚಿಸಲೇಬೇಕು. ಆದರೆ ಅದಕ್ಕೊಂದು ಕ್ರಮವಿದೆ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಹೇಳಬೇಕು. ಫೋನಿನಲ್ಲಿ ಹೇಳಬಾರದು, ಹೋಗಿ ಎದುರಿಗೆ ಕೂರಬೇಕು. ಶಾಲೆಯ ಹೆಡ್‌ಮಿಸ್ ಮುಖ ಗಂಟಿಕ್ಕುವುದನ್ನು ಕಣ್ಣಾರೆ ನೋಡಬೇಕು, "ಏನಮ್ಮಾ, ಮಕ್ಕಳ ಬಟ್ಟೇಲೂ ಇಷ್ಟು ಲಾಭ ಬೇಕಾ?" ಎಂದು ಬೈಸಿಕೊಳ್ಳಬೇಕು, ಆಮೇಲೆ ಸ್ವಲ್ಪ ಇಳಿಸಬೇಕು. ಇಳಿಸಲಿಕ್ಕೆಂದೇ ಮೊದಲು ಸ್ವಲ್ಪ ಜಾಸ್ತಿ ಹೇಳಿರುತ್ತೇವೆ ಎನ್ನುವುದು ಅವರಿಗೂ ಗೊತ್ತು, ಅವರಿಗೆ ಗೊತ್ತು ಎನ್ನುವುದು ನನಗೂ ಗೊತ್ತು. ಹಾಗೆ ಮುಖ ನೋಡಿ ಮುಗಿಸಿದ ರೇಟಿಗೆ ಒಂದು ಮರ್ಯಾದೆ ಇರುತ್ತದೆ.

ಸರ್ಕಾರಿ ವಿಶ್ವವಿದ್ಯಾಲಯವೊಂದು ಫೀಸು ಏರಿಸುವುದನ್ನು ನಾನು ಹತ್ತಿರದಿಂದ ನೋಡಿದೆ. ಏರಿಸಿದ ಮೊತ್ತಕ್ಕಿಂತ ಏರಿಸಿದ ರೀತಿಗೆ ಹೇಸಿಗೆಯಾಯಿತು, ಆ ಹೇಸಿಗೆ ಇನ್ನೂ ಹೋಗಿಲ್ಲ. ಯಾವ ವಿಶ್ವವಿದ್ಯಾಲಯ ಎಂದು ಬರೆಯುವುದಿಲ್ಲ. ಬರೆದರೆ ಓದಿದವರು, ಓಹೋ ಅದಾ, ನಮ್ಮ ಮಗ ಓದುವುದು ಬೇರೆ ಕಡೆ ಎಂದು ನಿರಾಳವಾಗಿಬಿಡುತ್ತಾರೆ.

ನನ್ನ ಮಗಳು ಅಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮೊದಲ ವರ್ಷದಲ್ಲಿದ್ದಳು. ನಮ್ಮ ಮನೆ ಅತ್ತಿಗುಪ್ಪೆಯಲ್ಲಿ. ಮೆಟ್ರೋ ನಿಲ್ದಾಣದ ಹಿಂದಿನ ಪಿ.ಜಿ.ಯಲ್ಲಿ ಅವಳದೇ ತರಗತಿಯ ಹುಡುಗಿಯೊಬ್ಬಳಿದ್ದಳು, ಕಲಬುರಗಿಯ ಕಡೆಯವಳು. ಇಬ್ಬರೂ ಜೊತೆಯಲ್ಲೇ ಹೋಗಿ ಜೊತೆಯಲ್ಲೇ ಬರುತ್ತಿದ್ದರು. ಭಾನುವಾರ ಆ ಹುಡುಗಿಗೆ ನಮ್ಮ ಮನೆಯಲ್ಲೇ ಊಟ. "ಆಂಟಿ, ಸಾಂಬಾರಿಗಿ ಬೆಲ್ಲ ಯಾಕ್ ಹಾಕ್ತೀರಿ? ಪಾಯಸ ಆದ್ರೂ ಮಾಡ್ರಿ, ಸಾರಾದ್ರೂ ಮಾಡ್ರಿ" ಎಂದು ನನ್ನನ್ನೇ ಕಾಡುತ್ತಿದ್ದಳು. ಬೆಲ್ಲ ಬಿಟ್ಟು ಮಾಡಿದರೂ ಎರಡು ಸಲ ಹಾಕಿಸಿಕೊಳ್ಳುತ್ತಿದ್ದಳು, ಹಾಕಿ ಮಾಡಿದರೂ ಅಷ್ಟೇ.

ತರಗತಿಗೊಬ್ಬ ಪ್ರತಿನಿಧಿ ಬೇಕೆಂದಾಗ ಮಗಳು ಹಿಂದೆ ಮುಂದೆ ನೋಡಿದಳು. ನಾನೇ ಒತ್ತಾಯ ಮಾಡಿದೆ. "ಆಗು ಕಣೇ. ನಾಲ್ಕು ಜನಕ್ಕೆ ಮುಖ ಪರಿಚಯ ಆಗತ್ತೆ. ನಾಳೆ ಏನಾದ್ರೂ ಕೆಲಸ ಬಿದ್ರೆ ಬಾಗಿಲಲ್ಲಿ ನಿಲ್ಲೋ ಬದ್ಲು ಒಳಗೆ ಹೋಗಿ ಕೂರ್ತೀಯ" ಎಂದೆ. ಆ ಬುದ್ಧಿ ಹೇಳಿದವಳು ನಾನು ಎಂಬುದನ್ನು ಇಲ್ಲಿ ಮುಚ್ಚಿಡುವಂತಿಲ್ಲ.

ಒಂದು ಸಂಜೆ ಮಗಳು ಟಿಶ್ಯೂ ಕಾಗದದಲ್ಲಿ ಸುತ್ತಿದ ಬೋಂಡಾ ತಂದು ನನ್ನ ಕೈಗಿಟ್ಟಳು. ಕುಲಸಚಿವರ ಕಚೇರಿಯ ಪಕ್ಕದ ಹಾಲ್‌ನಲ್ಲಿ ಎಲ್ಲ ವಿಜ್ಞಾನ ವಿಭಾಗಗಳ ಪ್ರತಿನಿಧಿಗಳನ್ನು ಕರೆದಿದ್ದರಂತೆ. ಒಟ್ಟು ಏಳು ಜನ. 'ಸಮಾಲೋಚನಾ ಸಭೆ' ಎಂದು ಬೋರ್ಡಿತ್ತಂತೆ.

"ಏನ್ ಸಮಾಲೋಚನೆ ಮಾಡಿದ್ರಿ?"

"ಏನಿಲ್ಲಮ್ಮ. ಒಬ್ರು ಪರದೆ ಮೇಲೆ ಲ್ಯಾಬ್ ಫೋಟೋ ತೋರ್ಸಿದ್ರು, ಹಳೇದಾಗಿದೆ, ಸರಿ ಮಾಡ್ಬೇಕು ಅಂದ್ರು. ನಾವೂ ಹೌದು ಸಾರ್ ಅಂದ್ವಿ. ಕಾಫಿ ಬಂತು. ಒಂದು ಹಾಳೆ ಬಂತು, ಸೈನ್ ಮಾಡಿದ್ವಿ. ಅಷ್ಟೇ."

ನಾನು ಬೋಂಡಾ ತಿಂದೆ. ಚೆನ್ನಾಗಿತ್ತು. ಎಂಥ ಹಾಳೆ ಎಂದು ಕೇಳಲಿಲ್ಲ. ನನ್ನ ಗಾರ್ಮೆಂಟ್ಸಿನಲ್ಲಿ ಮೇಲ್ಗಡೆ ಖಾಲಿ ಇರುವ ಚಲನ್‌ಗೆ ಸಹಿ ಮಾಡಿದವರನ್ನು ಅವತ್ತೇ ಕರೆದು ಬೈಯುತ್ತೇನೆ. ಮಗಳನ್ನು ಕೇಳಲಿಲ್ಲ. ವಿಶ್ವವಿದ್ಯಾಲಯವೆಂದರೆ ದಲ್ಲಾಳಿ ಅಂಗಡಿಯಲ್ಲವಲ್ಲ ಎಂಬ ಗೌರವ ಎಲ್ಲೋ ಒಳಗಿತ್ತು. ಓದದವರಿಗೆ ಓದಿದವರ ಮೇಲಿರುವ ಗೌರವ ಅದು, ತುಂಬಾ ದುಬಾರಿ.

ಮೂರ್ನಾಲ್ಕು ವಾರವಾದ ಮೇಲೆ ಒಂದು ಶನಿವಾರ ಸಂಜೆ, ಕಚೇರಿ ಮುಚ್ಚಿದ ಮೇಲೆ, ಮಕ್ಕಳ ವಾಟ್ಸಾಪ್ ಗುಂಪಿಗೆ ಸುತ್ತೋಲೆ ಬಂತು. ಶನಿವಾರ ಸಂಜೆಯೇ ಯಾಕೆ ಎಂದು ನನ್ನಂಥವಳಿಗೆ ವಿವರಿಸಬೇಕಾಗಿಲ್ಲ. ಭಾನುವಾರವೆಲ್ಲ ಕೂಗಾಡಿ ಸುಸ್ತಾಗಿ ಸೋಮವಾರ ಬರಲಿ ಎಂದು. ಯಾರೋ ಮೊಬೈಲಿನಲ್ಲಿ ವಾರೆಯಾಗಿ ಫೋಟೋ ತೆಗೆದ ಮೂರು ಹಾಳೆ. ವಿಷಯ: ಶುಲ್ಕ ಪರಿಷ್ಕರಣೆ. ಪರಿಷ್ಕರಣೆ ಎಂದರೆ ನಾನು ತಿಳಿದಂತೆ ತಪ್ಪಿದ್ದನ್ನು ತಿದ್ದುವುದು. ಹಳೆಯ ಫೀಸಿನಲ್ಲಿ ಏನು ತಪ್ಪಿತ್ತೋ! ಪ್ರಯೋಗಾಲಯ ಶುಲ್ಕವನ್ನು 'ಪರಿಷ್ಕರಿಸಲಾಗಿದೆ', ಅಭಿವೃದ್ಧಿ ಶುಲ್ಕವನ್ನು 'ನಿಗದಿಪಡಿಸಲಾಗಿದೆ', ಎಲ್ಲ ವಿದ್ಯಾರ್ಥಿಗಳಿಗೂ ಪ್ರಸಕ್ತ ಸಾಲಿನಿಂದಲೇ 'ಅನ್ವಯಿಸಲಾಗಿದೆ', ವ್ಯತ್ಯಾಸದ ಮೊತ್ತ ಕಟ್ಟಿದ ಮೇಲೆಯೇ ಪರೀಕ್ಷೆಯ ಅರ್ಜಿ ಸ್ವೀಕರಿಸಲು 'ಸೂಚಿಸಲಾಗಿದೆ'. ಮೂರು ಹಾಳೆಯನ್ನೂ ಬೆರಳಿಟ್ಟು ಓದಿದೆ. ಏರಿಸಿದವರು ಯಾರು ಎಂದು ಒಂದು ಕಡೆಯೂ ಇಲ್ಲ. ಎಲ್ಲ ಲಾಗಿದೆ, ಲಾಗಿದೆ, ಲಾಗಿದೆ. ಮಳೆ ಬಂದ ಹಾಗೆ, ಬೆಳಗಾದ ಹಾಗೆ ಫೀಸು ತನ್ನಷ್ಟಕ್ಕೆ ತಾನೇ ಏರಿತ್ತು. ವರ್ಷದ ಮಧ್ಯೆ, ಮಕ್ಕಳು ಸೇರಿ, ಒಂದು ಸಲ ಕಟ್ಟಿ, ಪಾಠ ಅರ್ಧ ಮುಗಿದ ಮೇಲೆ. ಕತ್ತರಿ ಆಡಿದ ಬಟ್ಟೆ.

ಆದರೆ ಒಂದು ಸಾಲಿನಲ್ಲಿ ಮಾತ್ರ ಮನುಷ್ಯರಿದ್ದರು. 'ವಿದ್ಯಾರ್ಥಿ ಪ್ರತಿನಿಧಿಗಳೊಂದಿಗೆ ಸಮಾಲೋಚಿಸಿ, ಅವರ ಸಹಮತದೊಂದಿಗೆ (ಅನುಬಂಧ ಲಗತ್ತಿಸಿದೆ).'

ಅನುಬಂಧವೆಂದರೆ ಮೂರನೆಯ ಹಾಳೆ. ಏಳು ಹೆಸರು, ಏಳು ಸಹಿ. ತಲೆಯ ಮೇಲೆ ಟೈಪು ಮಾಡಿದ ಅಕ್ಷರದಲ್ಲಿ, 'ಶುಲ್ಕ ಪರಿಷ್ಕರಣೆಗೆ ಸಹಮತ ಸೂಚಿಸಿದ ಪ್ರತಿನಿಧಿಗಳು.' ನಾಲ್ಕನೆಯ ಹೆಸರು ನನ್ನ ಮಗಳದು.

"ಅಮ್ಮ, ಈ ಹೆಡ್ಡಿಂಗ್ ಇರ್ಲೇ ಇಲ್ಲ. ದೇವರಾಣೆ. ಬರೀ ಗೆರೆ ಹಾಕಿದ್ ಹಾಳೆ. ಹಾಜರಿ ಅಂದ್ಕೊಂಡ್ವಿ."

ಅವಳು ಆಣೆ ಹಾಕುವ ಅಗತ್ಯವಿರಲಿಲ್ಲ. ಚೌಕುಳಿ ಬಟ್ಟೆಯಲ್ಲಿ ಜೇಬು ಹೊಲಿದಾಗ ಜೇಬಿನ ಗೆರೆ ಮೈಯ ಗೆರೆಗೆ ಕೂಡದಿದ್ದರೆ ನನಗೆ ಬಾಗಿಲಿನಿಂದಲೇ ಕಾಣುತ್ತದೆ. ಇಲ್ಲಿಯೂ ಹಾಗೆ. ಕೈಯಲ್ಲಿ ಎಳೆದ ಗೆರೆಗಳು ಬಲಕ್ಕೆ ಇಳಿಜಾರಾಗಿದ್ದವು, ತಲೆಬರಹ ಮಾತ್ರ ಹಾಳೆಯ ಅಂಚಿಗೆ ನೆಟ್ಟಗಿತ್ತು. ಸಹಿ ಮೊದಲು, ತಲೆಬರಹ ಆಮೇಲೆ. ಸಹಿ ಇರುವ ಹಾಳೆಯನ್ನೇ ಮತ್ತೆ ಪ್ರಿಂಟರಿಗೆ ಹಾಕಿದ್ದರು. ಮಾಡುವ ಮೋಸವನ್ನಾದರೂ ನೀಟಾಗಿ ಮಾಡಬೇಡವೇ?

ಆದರೆ ಗುಂಪಿನಲ್ಲಿದ್ದ ಮಕ್ಕಳಿಗೆ ಬಟ್ಟೆಯ ಗೆರೆ ನೋಡಿ ಅಭ್ಯಾಸವಿಲ್ಲ. ಅವರಿಗೆ ಕಂಡದ್ದು ಸಹಿ. ಹತ್ತು ನಿಮಿಷದಲ್ಲಿ ಶುರುವಾಯಿತು.

"ಎಷ್ಟಕ್ಕೆ ಮಾರ್ಕೊಂಡ್ರಿ ಗುರು?"

"ಬೋಂಡಾ, ಕಾಫಿ. ಚಟ್ನಿ ಸೇರಿ."

"ರೆಪ್ ಮೇಡಂಗೆ ಫೀಸ್ ಫ್ರೀ ಇರತ್ತೆ ಮಗಾ, ನಮ್ದೇ ಗೋಳು."

ಮಗಳು ಉತ್ತರ ಟೈಪು ಮಾಡುವುದು, ಅಳಿಸುವುದು, ಮತ್ತೆ ಟೈಪು ಮಾಡುವುದು. ಸೋಮವಾರದಿಂದ ಅವಳ ಹೆಸರು ಬೋಂಡಾ ಮೇಡಂ ಆಯಿತು. ಅದನ್ನೂ ತಡೆದುಕೊಳ್ಳುತ್ತಿದ್ದಳೇನೋ. ಆದರೆ ಕಲಬುರಗಿಯ ಹುಡುಗಿ ಏನೂ ಕೇಳದೆ ಅರ್ಧ ಗಂಟೆ ಮೊದಲಿನ ಬಸ್ಸು ಹಿಡಿಯತೊಡಗಿದಳು. ಭಾನುವಾರ ಊಟಕ್ಕೆ ಬರಲಿಲ್ಲ. ನಾನು ಫೋನು ಮಾಡಿದರೆ, "ಇಲ್ರಿ ಆಂಟಿ, ಹಸಿವಿಲ್ಲ" ಎಂದಳು. ಊರಿನಲ್ಲಿ ಅವಳ ಅಪ್ಪ ಹೇಗೋ ಹೊಂದಿಸಿ ಒಂದು ಸಲ ಫೀಸು ಕಟ್ಟಿದ್ದರು. ಇನ್ನೊಮ್ಮೆ ಕೇಳುವ ಬದಲು ಓದು ಬಿಟ್ಟು ಬರುತ್ತೇನೆ ಎಂದಿದ್ದಾಳೆಂದು ಪಿ.ಜಿ.ಯ ಇನ್ನೊಬ್ಬಳಿಂದ ಮಗಳಿಗೆ ತಿಳಿಯಿತು. ಅವತ್ತಿನಿಂದ ಮಗಳೂ ಹಾಸಿಗೆ ಬಿಟ್ಟು ಏಳಲಿಲ್ಲ. "ನಾನೂ ಹೋಗಲ್ಲ. ಅವಳು ಓದು ಬಿಟ್ರೆ ನನ್ನ ಸಹಿಯಿಂದ ಬಿಟ್ಟ ಹಾಗೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಮೂರು ದಿನ ನೋಡಿದೆ. ನಾಲ್ಕನೆಯ ದಿನ ಬೆಳಿಗ್ಗೆ ಕಟಿಂಗ್ ಮಾಸ್ತರಿಗೆ ಬೀಗದ ಕೈ ಕೊಟ್ಟು ಮಗಳಿಗೆ ಹೇಳಿದೆ, "ಎದ್ದು ಸ್ನಾನ ಮಾಡು. ಒಂದು ಪತ್ರ ಬರಿ. ನಾನು ಸಹಿ ಹಾಕಿದ್ದು ಹಾಜರಿಗೆ, ಸಹಮತಕ್ಕಲ್ಲ ಅಂತ. ಎರಡು ಪ್ರತಿ. ಇಬ್ರೂ ಹೋಗಣ." ನಿಮಗೂ ಹೇಳುತ್ತೇನೆ, ಯಾವ ಕಚೇರಿಗೆ ಹೋದರೂ ಎರಡು ಪ್ರತಿ ಒಯ್ಯಿರಿ. ಒಂದನ್ನು ಅವರು ತೆಗೆದುಕೊಳ್ಳಲಿ, ಇನ್ನೊಂದರ ಮೇಲೆ ಸೀಲು ಹಾಕಿಸಿ ತನ್ನಿ. ಬಾಯಿಮಾತಿನಲ್ಲಿ "ನೋಡ್ತೀವಿ" ಎಂದದ್ದನ್ನು ಮನೆಗೆ ತರಬೇಡಿ.

ಶುಲ್ಕ ವಿಭಾಗದ ಕಿಟಕಿಯಲ್ಲಿದ್ದ ಹೆಂಗಸು ತಲೆಯೆತ್ತದೆ ಹೇಳಿದಳು, "ನಮ್ದೇನಿಲ್ಲ ಆಂಟಿ, ಸಿಸ್ಟಮ್‌ನಲ್ಲಿ ಹೊಸ ರೇಟ್ ಬಂದಿದೆ." ಸಿಸ್ಟಮ್‌ಗೆ ಯಾರು ಹಾಕಿದರು ಎಂದರೆ ಹಣಕಾಸು ವಿಭಾಗ. ಅಲ್ಲಿ ಹೋದರೆ, "ನಾವು ಪ್ರಪೋಸಲ್ ಕಳ್ಸೋರಷ್ಟೇ, ಆಡಳಿತ ವಿಭಾಗ ನೋಡಿ." ಮಹಡಿ ಹತ್ತಿ, ಇಳಿದು, ಇನ್ನೊಂದು ಕಟ್ಟಡದ ಮಹಡಿ ಹತ್ತಿ ಕೊನೆಗೆ ಒಬ್ಬ ಸೂಪರಿಂಟೆಂಡೆಂಟ್ ಎದುರು ಕುರ್ಚಿ ಸಿಕ್ಕಿತು. ನಿವೃತ್ತಿಗೆ ಹತ್ತಿರವಿದ್ದ, ಹಣೆಯಲ್ಲಿ ವಿಭೂತಿ ಇದ್ದ, ಮೆತ್ತಗೆ ಮಾತಾಡುವ ಮನುಷ್ಯ. ನನಗೆ ಸಮಾಧಾನವಾಯಿತು. ಎದುರಿಗೆ ಮುಖ ಸಿಕ್ಕರೆ ನನಗೆ ಅರ್ಧ ಕೆಲಸ ಆದ ಹಾಗೆ.

"ಹೇಳಿ ಮೇಡಂ."

"ಫೀಸು ಏರ್ಸಿದವ್ರು ಯಾರು ಸಾರ್? ಅವ್ರ ಹತ್ರ ಎರಡು ಮಾತಾಡ್ಬೇಕು."

ಅವರು ನಕ್ಕರು. "ಹಾಗೆ ಒಬ್ರು ಅಂತ ಇರಲ್ಲ ಮೇಡಂ. ಕಮಿಟಿ."

"ಕಮಿಟಿಯೋರೇ ತೀರ್ಮಾನ ಮಾಡೋದಾ?"

"ಅವ್ರು ಶಿಫಾರಸು ಮಾಡ್ತಾರೆ. ತೀರ್ಮಾನ ಸಿಂಡಿಕೇಟ್‌ದು. ಅಂದ್ರೆ, ಇಡೀ ವಿಶ್ವವಿದ್ಯಾಲಯ ನಡೆಸೋ ಮಂಡಳಿ."

"ಸಿಂಡಿಕೇಟ್ ಒಪ್ತಾ?"

"ಮೀಟಿಂಗ್ ಬರೋ ತಿಂಗಳಿದೆ. ಘಟನೋತ್ತರ ಅನುಮೋದನೆ ತಗೋತೀವಿ."

ಆ ಪದ ನನಗೆ ಗೊತ್ತಿರಲಿಲ್ಲ. ಮಗಳು ಕಿವಿಯಲ್ಲಿ ಹೇಳಿದಳು, "ಆದ್ಮೇಲೆ ಒಪ್ಪಿಗೆ ಕೇಳೋದು." ಹಾಗಾದರೆ ಇನ್ನೂ ಯಾರೂ ಒಪ್ಪಿಯೇ ಇಲ್ಲ! ಒಪ್ಪದ ರೇಟನ್ನು ಕಂಪ್ಯೂಟರಿಗೆ ಹಾಕಿ, ಮಕ್ಕಳ ಪರೀಕ್ಷೆಯ ಅರ್ಜಿ ಹಿಡಿದುಕೊಂಡು, ಆಮೇಲೆ ಸಾವಕಾಶವಾಗಿ ಒಪ್ಪಿಗೆ ಪಡೆಯುತ್ತಾರೆ. ಅಷ್ಟರಲ್ಲಿ ಅರ್ಧ ಜನ ಕಟ್ಟಿರುತ್ತಾರೆ. ಕಟ್ಟಿದ್ದಾರಲ್ಲ, ಇನ್ನೇನು ತಕರಾರು ಎಂದು ಮಂಡಳಿಯವರು ಒಪ್ಪುತ್ತಾರೆ. ಅದರ ಜೊತೆಗೆ ಮಕ್ಕಳ ಸಹಮತದ ಹಾಳೆಯೊಂದಿದ್ದರೆ ಓದುವ ಗೋಜೂ ಇಲ್ಲ. ಇಷ್ಟು ವರ್ಷದ ವ್ಯಾಪಾರದಲ್ಲಿ ಎಂಥೆಂಥ ದಲ್ಲಾಳಿಗಳನ್ನು ನೋಡಿದ್ದೇನೆ, ಇಂಥ ಉಪಾಯ ಅವರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಪತ್ರ ಮುಂದಿಟ್ಟೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿದರು. ದನಿ ಇನ್ನೂ ಮೆತ್ತಗಾಯಿತು.

"ನಿಮ್ಮ ಮಗಳು ಚೆನ್ನಾಗಿ ಓದ್ತಾಳೆ ಅನ್ಸತ್ತೆ. ಇಂಥದ್ರಲ್ಲೆಲ್ಲ ಹೆಸ್ರು ಬರೋದು ಯಾಕೆ ಮೇಡಂ? ವಿದ್ಯಾರ್ಥಿ ಕಲ್ಯಾಣ ನಿಧಿ ಅಂತ ಒಂದಿದೆ. ಅದ್ರಲ್ಲಿ ಇವಳ ವ್ಯತ್ಯಾಸದ ದುಡ್ಡು ಅಡ್ಜಸ್ಟ್ ಮಾಡ್ಕೊಡ್ಬೋದು. ಈ ಪತ್ರ ಮಾತ್ರ ಒಳಗಿಟ್ಕೊಳ್ಳಿ."

ಈಗ ಬರೆಯುವುದನ್ನು ಬರೆಯಬಾರದೆಂದುಕೊಂಡಿದ್ದೆ. ಎದುರಿನವರು ಇಳಿಸಿದ ಕೂಡಲೇ ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಅಷ್ಟು ವರ್ಷದ ಚಾಳಿ. ನಾನು ಹೇಳಿದೆ, "ಈ ವರ್ಷದ್ದು ಒಂದೇ ಆದ್ರೆ ಹೇಗೆ ಸಾರ್? ಮುಂದಿನ ವರ್ಷದ್ದೂ ಸೇರ್ಸಿ."

"ನೋಡೋಣ ಮೇಡಂ. ಮಾಡ್ಸೋಣ."

ಗೆದ್ದೆ ಅನ್ನಿಸಿತು. ಬೆನ್ನು ಕುರ್ಚಿಗೆ ಒರಗಿತು. ಆಗ ಮಗಳು ನನ್ನ ಕಡೆ ತಿರುಗಿ, ಅವರಿಗೂ ಕೇಳಿಸುವ ಹಾಗೆ ಹೇಳಿದಳು, "ಪರ್ವಾಗಿಲ್ಲಮ್ಮ. ನನಗೆ ಬರೀ ಬೋಂಡಾ ಕೊಟ್ಟಿದ್ರು. ನಿನ್ಗೆ ಒಳ್ಳೇ ರೇಟು ಸಿಕ್ತು."

ಸೂಪರಿಂಟೆಂಡೆಂಟ್ ಫೈಲಿನ ದಾರ ಬಿಚ್ಚಿ ಕಟ್ಟತೊಡಗಿದರು. ಅಷ್ಟು ಹೊತ್ತು ಆ ಕಚೇರಿಯ ಮೇಲಿದ್ದ ಹೇಸಿಗೆಯಲ್ಲಿ ಒಂದು ಪಾಲು ನನ್ನ ಕುರ್ಚಿಯ ಕಡೆಗೂ ಬಂತು. ಅವರು ಹತ್ತಾರು ಕುರ್ಚಿಗಳ ನಡುವೆ ಮುಖ ಬಚ್ಚಿಟ್ಟುಕೊಂಡು ಮಾಡುವ ಕೆಲಸವನ್ನು ನಾನು ಮುಖ ತೋರಿಸಿಕೊಂಡೇ ಮಾಡಿದ್ದೆ. ನಮ್ಮದೊಂದು ಆದರೆ ಸಾಕು, ಉಳಿದವರದು ಉಳಿದವರು ನೋಡಿಕೊಳ್ಳಲಿ. ಅವರಿಗೆ ಬೇಕಾದದ್ದೂ ನಮ್ಮಿಂದ ಅಷ್ಟೇ.

ಮಗಳು ಮೇಜಿನ ಮೇಲಿದ್ದ ಎರಡೂ ಪ್ರತಿ ಎತ್ತಿಕೊಂಡು ಹೊರಗೆ ನಡೆದಳು. "ಬರ್ತೀವಿ ಸಾರ್" ಎಂದು ನಾನು ಹಿಂದೆ ಓಡಿದೆ. ಕೆಳಗಿನ ಮಹಡಿಯ ಟಪಾಲು ವಿಭಾಗದಲ್ಲಿ ಒಬ್ಬ ಮುದುಕ ಊಟದ ಡಬ್ಬಿ ತೆರೆಯುತ್ತಿದ್ದ. "ಮೂರು ಗಂಟೆಗೆ ಬನ್ನಿ" ಎಂದ. ಇಲ್ಲಿ ಮಾತ್ರ ನನ್ನ ಬಾಯಿ ಉಪಯೋಗಕ್ಕೆ ಬಂತು. "ಅಣ್ಣಾ, ನೀವು ಊಟ ಮಾಡಿ. ನಾವು ಇಲ್ಲೇ ನಿಂತಿರ್ತೀವಿ, ನೀವು ಮುಗ್ಸೋವರ್ಗೂ ನಿಮ್ಮನ್ನೇ ನೋಡ್ತಿರ್ತೀವಿ." ಅವನು ಗೊಣಗುತ್ತ ಎದ್ದು ಎರಡು ಸೀಲು ಹೊಡೆದ. ನಂಬರು ಬರೆದ. ಮಗಳು ಅಲ್ಲೇ ನಿಂತು ಅದರ ಫೋಟೋ ತೆಗೆದು ಗುಂಪಿಗೆ ಹಾಕಿದಳು.

ಸಂಜೆ ಗುಂಪಿನಲ್ಲಿ ಭೌತಶಾಸ್ತ್ರದ ಪ್ರತಿನಿಧಿ ಹುಡುಗ, "ನಂದೂ ಹಾಜರಿನೇ. ನಾಳೆ ನಾನೂ ಕೊಡ್ತೀನಿ" ಎಂದು ಹಾಕಿದ. ಆ ವಾರದಲ್ಲಿ ಏಳರಲ್ಲಿ ಐದು ಪತ್ರ ಸೀಲಾದವು. ಉಳಿದಿಬ್ಬರಿಗೆ ಕಲ್ಯಾಣ ನಿಧಿ ಸಿಕ್ಕಿತೋ ಏನೋ, ನಾನು ವಿಚಾರಿಸಲಿಲ್ಲ. ವಿಚಾರಿಸುವ ಮುಖ ನನಗಿರಲಿಲ್ಲ. ಮಗಳು ಎದ್ದು ತರಗತಿಗೆ ಹೋದಳು. ಬೋಂಡಾ ಮೇಡಂ ಎನ್ನುವುದು ನಿಲ್ಲಲಿಲ್ಲ, ಆದರೆ ಕರೆಯುವ ದನಿ ಬೇರೆಯಾಯಿತು ಎಂದಳು.

ಸಿಂಡಿಕೇಟ್ ಸಭೆಗೆ ಎರಡು ದಿನ ಮೊದಲು ಇನ್ನೊಂದು ಸುತ್ತೋಲೆ ಬಂತು. ಮತ್ತೆ ಶನಿವಾರ. 'ಪರಿಷ್ಕೃತ ಶುಲ್ಕವನ್ನು ಈಗಾಗಲೇ ವ್ಯಾಸಂಗ ಮಾಡುತ್ತಿರುವ ವಿದ್ಯಾರ್ಥಿಗಳಿಗೆ ಅನ್ವಯಿಸದೆ, ಮುಂದಿನ ಸಾಲಿನಲ್ಲಿ ಪ್ರವೇಶ ಪಡೆಯುವವರಿಗೆ ಮಾತ್ರ ಅನ್ವಯಿಸಲಾಗಿದೆ.' ಮಕ್ಕಳೆಲ್ಲ ಕುಣಿದರು. ನಾನೂ ಉಸಿರು ಬಿಟ್ಟೆ. ಮಗಳು ಮಾತ್ರ ಮೇಲಿನ ಸಾಲು ತೋರಿಸಿದಳು: 'ವಿದ್ಯಾರ್ಥಿ ಪ್ರತಿನಿಧಿಗಳ ಲಿಖಿತ ಮನವಿಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ.'

ಅವಳು ಬರೆದದ್ದು ಸುಳ್ಳನ್ನು ಸುಳ್ಳೆಂದು ತೋರಿಸುವ ಪತ್ರ. ಅವರ ಕೈಯಲ್ಲಿ ಅದು ಮನವಿಯಾಯಿತು. ನಮ್ಮನ್ನು ಬಿಡಿ, ಹೊಸಬರಿಗೆ ಹಾಕಿ ಎಂದು ಇವರೇ ಬೇಡಿಕೊಂಡ ಹಾಗೆ. ಎಂಥ ಕೈಚಳಕ ನೋಡಿ. ತಕರಾರು ಎತ್ತಬಲ್ಲವರನ್ನು ಬಿಟ್ಟರು. ಇನ್ನೂ ಹಾಲ್‌ಗೆ ಕಾಲಿಡದ, ಹಾಳೆಗೆ ಸಹಿ ಹಾಕಲಾರದ, ಈ ವಾಟ್ಸಾಪ್ ಗುಂಪಿನಲ್ಲಿ ಇಲ್ಲದವರ ಮೇಲೆ ಹೊರಿಸಿದರು. ಮಗಳು, 'ನಾನು ಅಂಥ ಮನವಿ ಕೊಟ್ಟಿಲ್ಲ' ಎಂದು ಎರಡನೆಯ ಪತ್ರ ಬರೆದು ಅದಕ್ಕೂ ಸೀಲು ಹಾಕಿಸಿಕೊಂಡು ಬಂದಿದ್ದಾಳೆ. ಅದಕ್ಕೆ ಇನ್ನೂ ಉತ್ತರವಿಲ್ಲ. ಮಂಡಳಿ ಅನುಮೋದಿಸಿತು. ಪ್ರವೇಶಕ್ಕೆ ಅರ್ಜಿ ಕರೆದಿದ್ದಾರೆ.

ಆ ಎರಡನೆಯ ಸುತ್ತೋಲೆ ಬಂದ ಮರುದಿನ ಭಾನುವಾರ ಕಲಬುರಗಿಯ ಹುಡುಗಿ ಬಂದಳು. ಬಾಗಿಲಲ್ಲಿ ನಿಂತು ಮಗಳಿಗೆ, "ನಾ ಕೇಳ್ಬೇಕಿತ್ತಲೇ ನಿನ್ನ. ಕೇಳ್ಲಿಲ್ಲ. ತಪ್ಪಾತು" ಎಂದಳು. ಮಗಳು, "ಚಪ್ಲಿ ಬಿಟ್ಟು ಒಳಗ್ ಬಾರೇ, ಸೊಳ್ಳೆ ಬರ್ತಾವೆ" ಎಂದಳು. ಇಬ್ಬರೂ ಊಟಕ್ಕೆ ಕೂತರು. ಹುಡುಗಿ ತಟ್ಟೆ ತೊಳೆದಿಟ್ಟು ಬಾಲ್ಕನಿಗೆ ಹೋಗಿ ಮನೆಗೆ ಫೋನು ಮಾಡಿದಳು. ಅಡುಗೆಮನೆಯ ಕಿಟಕಿಯಿಂದ ನನಗೆ ಕೇಳುತ್ತಿತ್ತು.

"ಅಪ್ಪಾ, ಚಲೋ ಸುದ್ದಿ. ನಮಗ ಹೆಚ್ಚಿಗಿ ಕಟ್ಟೂದಿಲ್ಲಂತ. ನಾ ಓದು ಬಿಡಂಗಿಲ್ಲ." ಸ್ವಲ್ಪ ಹೊತ್ತು ಆ ಕಡೆಯವರು ಮಾತಾಡುತ್ತಿದ್ದರು. "ಹೂಂ. ತಂಗಿ ಬರೂ ವರ್ಷ ಸೇರತಾಳಂದ್ರ ಆಕಿ ಹೊಸಾದು ಕಟ್ಟಬೇಕು. ಪೂರಾ." ಮತ್ತೆ ಆ ಕಡೆಯಿಂದ ಏನೋ ಪ್ರಶ್ನೆ. ಹುಡುಗಿ ಬಾಲ್ಕನಿಯ ಕಂಬಿಯನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದಳು.

"ಯಾಕಂದ್ರ ಏನ್ ಹೇಳ್ಲಿ ಅಪ್ಪಾ? ಆಕಿ ಇನ್ನಾ ಬಂದಿಲ್ಲಲ್ಲ, ಅದಕ್ಕ."